ಜಡೆಯ ಟೇಪಿನಿಂದ ಕ್ರಿಸ್ಮಸ್ ಬೋವರೆಗೆ: ಗಂಟು ಒಂದೇ, ಲೆಕ್ಕ ಬೇರೆ

ಯಾಲಾಲ್: ಶಾಲೆಗೆ ಹೊರಟ ಮಗಳ ಎರಡು ಜಡೆಗೆ ಟೇಪು ಕಟ್ಟಿ ಹೂವಿನಂತೆ ಬಿಡಿಸುವುದು ಗಡಿಭಾಗದ ಯಾವ ತಾಯಿಗೂ ಹೊಸ ಕೆಲಸವಲ್ಲ. ಕನ್ನಡದ ಮನೆಯಲ್ಲಿ ಅದು ಟೇಪು, ತೆಲುಗಿನ ಮನೆಯಲ್ಲಿ ರಿಬ್ಬನು. ಅದೇ ಟೇಪು ಉಡುಗೊರೆ ಡಬ್ಬಿಯ ಮೇಲೆ ಕುಳಿತರೆ ಅಥವಾ ಕ್ರಿಸ್ಮಸ್ ಹೊತ್ತಿಗೆ ಬಾಗಿಲಿಗೆ ತೂಗುಹಾಕುವ ಹಸಿರು ಚಕ್ರದ ಮೇಲೆ ಕುಳಿತರೆ ಪೇಟೆಯಲ್ಲಿ 'ಬೋ' ಎಂದು ಹೆಸರು ಬದಲಾಗುತ್ತದೆ. ಹೆಸರಿನ ಜತೆಗೆ ಬೆಲೆಯೂ ಬದಲಾಗುತ್ತದೆ.

ದಸರಾ ಮುಗಿದು ದೀಪಾವಳಿ, ಕ್ರಿಸ್ಮಸ್, ಹೊಸ ವರ್ಷ ಸಾಲಾಗಿ ಬರುವ ದಿನಗಳಲ್ಲಿ ಮನೆಯಲ್ಲೇ ಕುಳಿತು ಬೋ ಕಟ್ಟಿ ನಾಲ್ಕು ಕಾಸು ಸಂಪಾದಿಸಬಹುದೇ? ಸಂಪಾದಿಸಬಹುದು. ಆದರೆ ಅದಕ್ಕೆ ಎರಡು ವಿಷಯ ತಿಳಿದಿರಬೇಕು. ಒಂದು, ಗಂಟಿನ ದಿಕ್ಕು. ಇನ್ನೊಂದು, ಟೇಪಿನ ಅಳತೆ. ಮೊದಲನೆಯದು ತಪ್ಪಿದರೆ ಬೋ ಕೆಡುತ್ತದೆ, ಎರಡನೆಯದು ತಪ್ಪಿದರೆ ಕೂಲಿ ಕೆಡುತ್ತದೆ.

ಯಾರಿಗೆ ಬೇಕು ಈ ಬೋ?

ತಾಂಡೂರು, ಜಹೀರಾಬಾದ್, ನಾರಾಯಣಖೇಡ ಭಾಗದ ಹಳ್ಳಿಗಳಿಗೆ ಕ್ರಿಸ್ಮಸ್ ಹೊಸದಲ್ಲ. ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಮೆಥಡಿಸ್ಟ್ ಕ್ರೈಸ್ತರ ಜಾತ್ರೆ ಸೇರುತ್ತದೆ. ಗಡಿಯಾಚೆ ಬೀದರಿನಲ್ಲೂ ಮೆಥಡಿಸ್ಟ್ ಚರ್ಚುಗಳಿವೆ. ಮೆದಕ್‌ನ ದೊಡ್ಡ ಚರ್ಚಂತೂ ಎಲ್ಲರಿಗೂ ಗೊತ್ತು. ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಪಾದ್ರಿ ಬರಗಾಲದ ದಿನಗಳಲ್ಲಿ ಜನರಿಗೆ ಕೆಲಸ, ಊಟ ಸಿಗಲೆಂದು ಕಟ್ಟಿಸಿದ ಆ ಚರ್ಚು 1924ರ ಡಿಸೆಂಬರ್ 25ರಂದು ಪ್ರಾರ್ಥನೆಗೆ ತೆರೆಯಿತು. ಅದರ ಗೋಪುರದ ಎತ್ತರ 175 ಅಡಿ.

ಹಸಿರೆಲೆಯ ಚಕ್ರ ಎಂದರೆ ನಮ್ಮ ಜನರಿಗೆ ಮೊದಲು ನೆನಪಾಗುವುದು ಹುತಾತ್ಮರಿಗೆ ಅರ್ಪಿಸುವ ಪುಷ್ಪಚಕ್ರ. ಕ್ರಿಸ್ಮಸ್ ಚಕ್ರ ಅದಲ್ಲ. ಅದು ಬಾಗಿಲಿಗೆ ಕಟ್ಟುವ ಮಾವಿನ ತೋರಣದ ಹಾಗೆ ಶುಭದ ಗುರುತು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದೇ ಮೇಣದಬತ್ತಿ ಹಚ್ಚುವ ಚಕ್ರವೂ ಉಂಟು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ವಿಖೆರ್ನ್ ಎಂಬ ಪಾದ್ರಿ 1839ರಲ್ಲಿ ಬಡ ಮಕ್ಕಳ ಆಶ್ರಮದಲ್ಲಿ ಗಾಡಿಯ ಚಕ್ರವೊಂದಕ್ಕೆ ಬತ್ತಿಗಳನ್ನಿಟ್ಟು ಈ ಪದ್ಧತಿ ಆರಂಭಿಸಿದರು ಎನ್ನುತ್ತಾರೆ.

ಬೋಗೆ ಗಿರಾಕಿಗಳು ಚರ್ಚಿನವರು ಮಾತ್ರವಲ್ಲ. ನಿಶ್ಚಿತಾರ್ಥದ ತಟ್ಟೆ, ಕುಬಸದ ಉಡುಗೊರೆ, ತೆಲುಗು ಮನೆಗಳ ಸಾರೆ, ದೀಪಾವಳಿಯ ಮಿಠಾಯಿ ಡಬ್ಬಿ, ಹೊಸ ಗಾಡಿಯ ಪೂಜೆ, ಅಂಗಡಿ ಉದ್ಘಾಟನೆ ಹೀಗೆ ಎಲ್ಲ ಕಡೆಯೂ ಈಗ ರಿಬ್ಬನ್ ಬೇಕು.

ಬೋ ಏಕೆ ಅಡ್ಡ ಕೂರುವುದಿಲ್ಲ?

ಎಷ್ಟೇ ಚೆನ್ನಾಗಿ ಕಟ್ಟಿದರೂ ಕೆಲವರ ಕೈಯಲ್ಲಿ ಬೋ ಅಡ್ಡ ಕೂರುವುದಿಲ್ಲ. ತಿರುಗಿ ಉದ್ದಕ್ಕೆ ಜೋತುಬೀಳುತ್ತದೆ. ಇದಕ್ಕೆ ಟೇಪನ್ನು ದೂರಿ ಪ್ರಯೋಜನವಿಲ್ಲ, ತಪ್ಪು ಗಂಟಿನದು.

ಬೋ ಎಂದರೆ ಎರಡು ಹೆಜ್ಜೆಯ ಗಂಟು. ಮೊದಲ ಹೆಜ್ಜೆಯಲ್ಲಿ ಬಲಗಡೆಯ ತುದಿಯನ್ನು ಎಡಗಡೆಯದರ ಮೇಲೆ ತಂದು ಒಳಗೆ ತೂರಿಸಿ ಬಿಗಿಯುತ್ತೇವೆ. ಎರಡನೇ ಹೆಜ್ಜೆಯಲ್ಲಿ ಕುಣಿಕೆ ಮಾಡಿ ಸುತ್ತುತ್ತೇವೆ. ಈ ಎರಡನೇ ಸುತ್ತು ಮೊದಲಿನದಕ್ಕೆ ವಿರುದ್ಧ ದಿಕ್ಕಿನಲ್ಲಿರಬೇಕು. ಅಂದರೆ ಮೊದಲು ಬಲದ್ದು ಎಡದ ಮೇಲೆ ಬಂದಿದ್ದರೆ, ಕುಣಿಕೆ ಹಾಕುವಾಗ ಎಡದ್ದು ಬಲದ ಮೇಲೆ ಬರಬೇಕು. ಎರಡೂ ಸಲ ಒಂದೇ ದಿಕ್ಕಿಗೆ ಸುತ್ತಿದರೆ ಗಂಟು ತಿರುಚಿಕೊಂಡು ಬೋ ನೆಟ್ಟಗೆ ನಿಲ್ಲುತ್ತದೆ, ಬೇಗ ಸಡಿಲವೂ ಆಗುತ್ತದೆ.

ಇದು ಅಜ್ಜಿಯ ಕಾಲದ ಮಾತಷ್ಟೇ ಅಲ್ಲ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಂಜಿನಿಯರುಗಳು 2017ರಲ್ಲಿ ಬೂಟಿನ ಲೇಸು ಏಕೆ ಬಿಚ್ಚುತ್ತದೆ ಎಂದು ಪರೀಕ್ಷಿಸಿದರು. ಒಂದೇ ದಿಕ್ಕಿಗೆ ಸುತ್ತಿದ ಬೋ ಗಂಟು ದುರ್ಬಲ, ವಿರುದ್ಧ ದಿಕ್ಕಿನದು ಗಟ್ಟಿ ಎಂಬುದು ಅವರ ಪರೀಕ್ಷೆಯಲ್ಲೂ ಕಂಡಿತು. ಬೂಟಿಗೆ ನಿಜವಾದದ್ದು ಜಡೆಗೂ ನಿಜ, ಡಬ್ಬಿಗೂ ನಿಜ. ನಿಮ್ಮ ಬೋ ಉದ್ದಕ್ಕೆ ನಿಲ್ಲುತ್ತಿದ್ದರೆ ಎರಡನೇ ಹೆಜ್ಜೆಯನ್ನು ಹಾಗೇ ಬಿಡಿ, ಮೊದಲ ಸುತ್ತನ್ನು ಮಾತ್ರ ತಿರುವು ಮುರುವು ಮಾಡಿ ನೋಡಿ. ಸರಿಹೋಗುತ್ತದೆ.

ಚಕ್ರದ ದೊಡ್ಡ ಬೋಗೆ ಗಂಟೇ ಇಲ್ಲ!

ಚಕ್ರದ ಮೇಲಿನ ಹತ್ತು ಕುಣಿಕೆಯ ದೊಡ್ಡ ಬೋ ನೋಡಿದವರು ಅದನ್ನೂ ಗಂಟು ಹಾಕಿಯೇ ಮಾಡಿದ್ದಾರೆ ಎಂದುಕೊಳ್ಳುತ್ತಾರೆ. ಅಲ್ಲ. ಅದನ್ನು ಮಡಿಸಿ, ನಡುವೆ ಚಿವುಟಿ ಹಿಡಿದು, ತಂತಿಯಿಂದ ಬಿಗಿಯುತ್ತಾರೆ. ಮಾಡುವ ವಿಧಾನ ಹೀಗಿದೆ.

ಎರಡು ಇಂಚು ಅಗಲದ ಸ್ಯಾಟಿನ್ ಟೇಪು ತೆಗೆದುಕೊಳ್ಳಿ. ತುದಿಯಿಂದ ಹತ್ತು ಇಂಚು ಬಾಲಕ್ಕೆಂದು ಬಿಟ್ಟು, ಅಲ್ಲಿ ಹೆಬ್ಬೆರಳು ತೋರುಬೆರಳಿನ ನಡುವೆ ಟೇಪನ್ನು ನೆರಿಗೆಯಂತೆ ಚಿವುಟಿ ಹಿಡಿಯಿರಿ. ಈಗ ನಾಲ್ಕು ಇಂಚಿನ ಒಂದು ಕುಣಿಕೆ ಮಾಡಿ ಟೇಪನ್ನು ಮತ್ತೆ ಬೆರಳಿನ ಬಳಿಗೆ ತನ್ನಿ. ಅಲ್ಲೇ ಟೇಪಿಗೆ ಅರ್ಧ ತಿರುವು ಕೊಡಿ. ಈ ಅರ್ಧ ತಿರುವೇ ಗುಟ್ಟು. ಸಾಮಾನ್ಯ ಸ್ಯಾಟಿನ್ ಟೇಪಿಗೆ ಒಂದು ಕಡೆ ಮಾತ್ರ ಹೊಳಪು. ತಿರುವು ಮರೆತರೆ ಮುಂದಿನ ಕುಣಿಕೆಯಲ್ಲಿ ಮಾಸಲು ಬದಿ ಹೊರಗೆ ಬರುತ್ತದೆ.

ಹೀಗೆ ಆ ಕಡೆ ಒಂದು, ಈ ಕಡೆ ಒಂದು ಎಂದು ಐದೈದು ಕುಣಿಕೆ ಆದ ಮೇಲೆ ನಡುವೆ ಹೆಬ್ಬೆರಳಿನ ಸುತ್ತ ಒಂದು ಪುಟ್ಟ ಕುಣಿಕೆ ಮಾಡಿ. ಇನ್ನೊಂದು ಬಾಲಕ್ಕೆ ಹತ್ತು ಇಂಚು ಬಿಟ್ಟು ಕತ್ತರಿಸಿ. ತೆಳು ತಂತಿಯನ್ನು ಪುಟ್ಟ ಕುಣಿಕೆಯೊಳಗಿಂದ ತೂರಿಸಿ ಹಿಂದೆ ಬಿಗಿಯಾಗಿ ಹೊಸೆಯಿರಿ. ಮಿಕ್ಕ ತಂತಿ ಕತ್ತರಿಸಬೇಡಿ. ಬೋವನ್ನು ಚಕ್ರಕ್ಕೆ ಕಟ್ಟಲು ಅದೇ ಬೇಕು. ಕೊನೆಗೆ ಕುಣಿಕೆಗಳೊಳಗೆ ಬೆರಳು ಹಾಕಿ ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಎಳೆದು ಅರಳಿಸಿ.

ಬಾಲದ ತುದಿಯನ್ನು ಹಾವಿನ ನಾಲಿಗೆಯಂತೆ ಅಥವಾ ಓರೆಯಾಗಿ ಕತ್ತರಿಸಿದರೆ ಎಳೆ ಬಿಚ್ಚುವುದು ಕಡಿಮೆ. ಪಾಲಿಯೆಸ್ಟರ್ ಟೇಪಾದರೆ ತುದಿಯನ್ನು ಮೇಣದಬತ್ತಿಯ ಉರಿಯ ಬುಡದ ಹತ್ತಿರ ಕ್ಷಣ ಮಾತ್ರ ಹಿಡಿದರೆ ಸಾಕು, ಎಳೆಗಳು ಕರಗಿ ಅಂಟಿಕೊಳ್ಳುತ್ತವೆ. ಹತ್ತಿ ಬಟ್ಟೆಗೆ ಇದು ನಡೆಯದು, ಉರಿದುಹೋಗುತ್ತದೆ. ಈ ಕೆಲಸ ಮಾಡುವಾಗ ಸೆರಗು ಸಿಕ್ಕಿಸಿಕೊಂಡು, ಮಕ್ಕಳನ್ನು ದೂರ ಕೂರಿಸಿ, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಳ್ಳುವುದು ಒಳ್ಳೆಯದು.

ಡಬ್ಬಿಯ ಮೇಲೆ ಗುಂಗುರು ಕೂದಲಿನಂತೆ ಇಳಿಬೀಳುವ ತೆಳು ಪ್ಲಾಸ್ಟಿಕ್ ರಿಬ್ಬನ್ನಿನ ಕಥೆ ಬೇರೆ. ಅದನ್ನು ಕತ್ತರಿಯ ಅಲಗಿನ ಮೇಲೆ ಒತ್ತಿ ಎಳೆದಾಗ ಅಲಗಿಗೆ ತಾಗಿದ ಬದಿಗಿಂತ ಹೊರಬದಿ ಹೆಚ್ಚು ಹಿಗ್ಗುತ್ತದೆ. ಹಿಗ್ಗಿದ್ದು ಪೂರ್ತಿ ವಾಪಸಾಗದೆ ರಿಬ್ಬನ್ ಸುರುಳಿಯಾಗುತ್ತದೆ. ಜೋರಾಗಿ ಎಳೆದರೆ ಚೆನ್ನಾಗಿ ಸುರುಳಿಯಾಗುತ್ತದೆ ಎಂಬುದು ಹೆಚ್ಚಿನವರ ಎಣಿಕೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರಿದ್ದ ಸಂಶೋಧಕರ ತಂಡ 2016ರಲ್ಲಿ ಕಂಡುಕೊಂಡದ್ದು ಇದಕ್ಕೆ ತದ್ವಿರುದ್ಧ. ನಿಧಾನವಾಗಿ ಎಳೆದಷ್ಟೂ ಸುರುಳಿ ಬಿಗಿ.

ಲೆಕ್ಕ ಹಾಕಿ ಕತ್ತರಿ ಹಿಡಿಯಿರಿ

ಈಗ ಮುಖ್ಯ ವಿಷಯ. ಒಂದು ಬೋಗೆ ಟೇಪು ಎಷ್ಟು ಬೇಕು? ಕುಣಿಕೆ ನಾಲ್ಕು ಇಂಚು ಕಂಡರೂ ಹೋಗಿ ಬರುವ ಲೆಕ್ಕದಲ್ಲಿ ಅದು ಎಂಟು ಇಂಚು ನುಂಗುತ್ತದೆ. ಹೊಸಬರು ಎಡವುವುದೇ ಇಲ್ಲಿ. ಹತ್ತು ಕುಣಿಕೆಗೆ 80 ಇಂಚು, ಎರಡು ಬಾಲಕ್ಕೆ 20, ನಡುವಿನ ಪುಟ್ಟ ಕುಣಿಕೆಗೆ 5. ಒಟ್ಟು 105 ಇಂಚು, ಅಂದರೆ ಹೆಚ್ಚುಕಡಿಮೆ 2 ಮೀಟರ್ 67 ಸೆಂಟಿಮೀಟರ್. ಡಬ್ಬಿಗೆ ಕಟ್ಟುವ, ಮೂರು ಇಂಚಿನ ಎರಡೇ ಕುಣಿಕೆಯ ಸಣ್ಣ ಬೋಗೆ 26 ಇಂಚು ಸಾಕು.

25 ಗಜದ ಸುರುಳಿಯಲ್ಲಿ 900 ಇಂಚು ಟೇಪಿರುತ್ತದೆ. ಅದರಲ್ಲಿ ದೊಡ್ಡ ಬೋ 8, ಸಣ್ಣ ಬೋ 34 ಬರುತ್ತವೆ. ಹೈದರಾಬಾದಿನ ಬೇಗಂ ಬಜಾರಿನಲ್ಲಿ ಕೊಳ್ಳಿ, ಬೀದರ್, ಕಲಬುರಗಿಯಲ್ಲಿ ಕೊಳ್ಳಿ, ಅಂಗಡಿಯವರು 'ಇಪ್ಪತ್ತೈದರ ಸುರುಳಿ' ಎಂದರೆ ಗಜವೋ ಮೀಟರೋ ಎಂದು ಕೇಳಿ ತಿಳಿದುಕೊಳ್ಳಿ. 25 ಗಜ ಎಂದರೆ 22.86 ಮೀಟರ್ ಮಾತ್ರ. ವ್ಯತ್ಯಾಸ ಎರಡು ಮೀಟರಿಗೂ ಮಿಕ್ಕಿ. ಮೂರು ಸಣ್ಣ ಬೋ ಅಲ್ಲೇ ಹೋಯಿತು!

ಇನ್ನು ಕೂಲಿ. ಉದಾಹರಣೆಗೆ ಒಂದು ಇಂಚು ಅಗಲದ ಸುರುಳಿಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. ಸಣ್ಣ ಬೋ ಒಂದಕ್ಕೆ ಟೇಪು, ದಾರ, ಅಂಟು ಸೇರಿ 3 ರೂಪಾಯಿ ಬೀಳುತ್ತದೆ. 5 ರೂಪಾಯಿಗೆ ಮಾರಿದರೆ ಉಳಿಯುವುದು 2 ರೂಪಾಯಿ. ಒಂದಕ್ಕೆ ಐದು ನಿಮಿಷ ಹಿಡಿದರೂ ಗಂಟೆಗೆ 24 ರೂಪಾಯಿ. ಹೊಲದ ಕೂಲಿಗೂ ಇದು ಸಾಟಿಯಲ್ಲ. ಯಂತ್ರದಲ್ಲಿ ತಯಾರಾದ, ಹಿಂದೆ ಅಂಟಿರುವ ಬೋಗಳು ಪೇಟೆಯಲ್ಲಿ ಅಗ್ಗಕ್ಕೆ ಸಿಗುವಾಗ ಹೆಚ್ಚಿನ ಬೆಲೆ ಕೇಳುವುದೂ ಕಷ್ಟ.

ದೊಡ್ಡ ಬೋ ನೋಡಿ. ಎರಡು ಇಂಚಿನ ಸುರುಳಿಗೆ 160 ರೂಪಾಯಿ ಎಂದರೆ ಟೇಪಿಗೆ 20, ತಂತಿಗೆ 1, ಒಟ್ಟು ಖರ್ಚು 21 ರೂಪಾಯಿ. 40ಕ್ಕೆ ಮಾರಿದರೆ 19 ಉಳಿಯುತ್ತದೆ. ಒಂದಕ್ಕೆ ಕಾಲು ಗಂಟೆ ಹಿಡಿದರೆ ಗಂಟೆಗೆ 76 ರೂಪಾಯಿ. ಕೈಯಲ್ಲಿ ಅರಳಿಸಿದ ಈ ಬೋ ಡಬ್ಬಿಗೆ ತುಂಬಿ ದೂರ ಸಾಗಿಸಿದರೆ ಚಪ್ಪಟೆಯಾಗುತ್ತದೆ. ಆದ್ದರಿಂದ ಹತ್ತಿರದಲ್ಲಿ ಮಾಡುವವರಿಗೇ ಅನುಕೂಲ ಹೆಚ್ಚು.

ಆದರೆ ಮಾಡಿದ್ದೆಲ್ಲ ಮಾರಾಟವಾದರೆ ಮಾತ್ರ ಈ ಲೆಕ್ಕ. ಐದು ಸುರುಳಿ ತಂದು 40 ದೊಡ್ಡ ಬೋ ಮಾಡಿದರೆ ಖರ್ಚು 840, ದುಡಿಮೆ ಹತ್ತು ಗಂಟೆ. ಎಲ್ಲವೂ ಹೋದರೆ 760 ರೂಪಾಯಿ ಉಳಿತಾಯ. ಹತ್ತು ಉಳಿದುಬಿಟ್ಟರೆ ಕೈಗೆ ಬರುವುದು 360 ಮಾತ್ರ. ನಾಲ್ಕರಲ್ಲಿ ಒಂದು ಮಾರದೆ ಉಳಿದರೆ ಅರ್ಧಕ್ಕಿಂತ ಹೆಚ್ಚು ಲಾಭ ಹೋಗುತ್ತದೆ. ಹೀಗಾಗಿ ಮೊದಲು ಆರ್ಡರು, ಆಮೇಲೆ ಕತ್ತರಿ. ಚರ್ಚು, ಮಿಠಾಯಿ ಅಂಗಡಿ, ಮದುವೆ ಮನೆಗೆ ಒಂದು ಮಾದರಿ ತೋರಿಸಿ, ಟೇಪಿನ ಖರ್ಚಿನಷ್ಟಾದರೂ ಮುಂಗಡ ಪಡೆಯುವುದು ಜಾಣತನ. ಈ ಕಡೆಯ ಪೊದುಪು ಸಂಘ, ಆ ಕಡೆಯ ಸ್ತ್ರೀಶಕ್ತಿ ಸಂಘದವರು ನಾಲ್ಕಾರು ಜನ ಕೂಡಿ ಸುರುಳಿಗಳನ್ನು ಸಗಟಿನಲ್ಲಿ ತಂದರೆ ಖರ್ಚು ಇನ್ನೂ ಇಳಿಯುತ್ತದೆ.

ರಿಬ್ಬನ್ನನ್ನೇ ನಂಬಿ ಕೆಟ್ಟ ಊರೂ ಚರಿತ್ರೆಯಲ್ಲಿದೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸಾವಿರಾರು ಕುಟುಂಬಗಳು ರೇಷ್ಮೆ ರಿಬ್ಬನ್ ನೇಯ್ದು ಬದುಕುತ್ತಿದ್ದವು. 1860ರಲ್ಲಿ ಫ್ರಾನ್ಸಿನ ಜತೆ ಒಪ್ಪಂದವಾಗಿ ಸುಂಕ ತೆಗೆದಾಗ ಸೇಂಟ್ ಎಟಿಯೆನ್ ಮೊದಲಾದ ಕಡೆಯ ಫ್ರೆಂಚ್ ರಿಬ್ಬನ್ ನುಗ್ಗಿ ಬಂತು. ಕೊವೆಂಟ್ರಿಯ ಮಗ್ಗಗಳು ನಿಂತು, ಬಹಳ ಮಂದಿ ಊರು ಬಿಟ್ಟರು. ಹೊಲ, ಹೈನದ ಜತೆಗೆ ಹಬ್ಬದ ಎರಡು ತಿಂಗಳ ಉಪಕಸುಬಾಗಿ ಬೋ ಒಳ್ಳೆಯದು. ಬದುಕನ್ನೆಲ್ಲ ಅದಕ್ಕೇ ಕಟ್ಟಿಹಾಕುವುದು ಬೇಡ.

ಮುಂಗಡ ಕೇಳಿದರೆ ಹುಷಾರ್!

'ಮನೆಯಲ್ಲೇ ಕುಳಿತು ಬೋ ಕಟ್ಟಿ, ತಿಂಗಳಿಗೆ ಸಾವಿರಾರು ಗಳಿಸಿ' ಎಂಬ ಸಂದೇಶ ಮೊಬೈಲಿಗೆ ಬಂದರೆ ಒಂದೇ ಪ್ರಶ್ನೆ ಕೇಳಿ: ದುಡ್ಡು ಯಾರು ಯಾರಿಗೆ ಕೊಡಬೇಕು? ಕೆಲಸ ಕೊಡುವವರು ಕೂಲಿ ಕೊಡಬೇಕೇ ಹೊರತು ನೋಂದಣಿ, ಡಿಪಾಜಿಟ್ಟು, ಕಚ್ಚಾ ಸಾಮಾನು ಎಂದು ಮೊದಲೇ ಹಣ ಕೇಳಬಾರದು. ಹಣ ಕಳಿಸಿ ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಎರಡೂ ರಾಜ್ಯಗಳಲ್ಲಿ ಇದೇ ಸಂಖ್ಯೆ.

ಚಕ್ರಕ್ಕೆ ನಮ್ಮದೇ ಸಾಮಾನು

ಚಕ್ರದ ಚೌಕಟ್ಟಿಗೆ ಥರ್ಮೋಕೋಲ್ ಬಳೆ ಬೇಡ. ಅಲಂಕಾರದ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ತೊಗರಿಯ ನಾಡಿನಲ್ಲಿ ಅದರ ಅಗತ್ಯವೂ ಇಲ್ಲ. ಬುಟ್ಟಿ ಹೆಣೆಯುವ ಹಸಿ ತೊಗರಿ ಕಡ್ಡಿ ಬಳೆಯಂತೆ ಬಾಗುತ್ತದೆ. ಅದಿಲ್ಲದಿದ್ದರೆ ದಪ್ಪ ಕಬ್ಬಿಣದ ತಂತಿ ಸಾಕು. ಮೇಲೆ ಮಾವಿನೆಲೆ, ಅಶೋಕದ ಎಲೆ ಅಥವಾ ಸರ್ವೆ ಸೊಪ್ಪು ಕಟ್ಟಬಹುದು. ಬೋ ಚಕ್ರದ ಅಗಲದ ಮೂರನೇ ಒಂದು ಪಾಲಿಗಿಂತ ದೊಡ್ಡದಿದ್ದು, ಅರ್ಧ ಮೀರದಿದ್ದರೆ ಚೆಂದ. ಎಂಟು ಇಂಚಿನ ಬೋಗೆ ಒಂದೂವರೆ ಅಡಿಯ ಚಕ್ರ ಒಪ್ಪುತ್ತದೆ.

ಹಳೆ ಸೀರೆಯ ಜರಿಯಂಚು ಕತ್ತರಿಸಿ ಬೋ ಮಾಡಿದರೆ ಟೇಪಿನ ಖರ್ಚೇ ಇಲ್ಲ. ಅಂಚು ಗಟ್ಟಿಯಾಗಿರುವುದರಿಂದ ಕುಣಿಕೆ ಬಾಗದೆ ನಿಲ್ಲುತ್ತದೆ. ಹಬ್ಬ ಮುಗಿದ ಮೇಲೆ ಬೋವನ್ನು ತಿಪ್ಪೆಗೆ ಎಸೆಯಬೇಡಿ. ಪಾಲಿಯೆಸ್ಟರ್ ಮಣ್ಣಿನಲ್ಲಿ ಕರಗದು, ಮೇವಿನ ಜತೆ ದನ ನುಂಗಿದರೆ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳಬಹುದು. ತಂತಿ ಬಿಚ್ಚಿ, ಟೇಪು ಸುತ್ತಿಟ್ಟರೆ ಬರುವ ವರ್ಷಕ್ಕೂ ಆದೀತು.