ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ಸುಧಾರಣೆಗೆ ಬಳಕೆದಾರರ ಸಲಹೆಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಅಂತರಜಾಲದ ಮೂಲಕ ವಿವಿಧ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಲಿನಕ್ಸ್ ಆಧಾರಿತ ಗಣಕಯಂತ್ರಗಳನ್ನು ಬಳಸುವವರೂ ಇದ್ದಾರೆ. ಡೆಬಿಯನ್, ಉಬುಂಟು, ಫೆಡೋರಾ, ಲಿನಕ್ಸ್ ಮಿಂಟ್ ಹಾಗೂ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಮೊದಲ ಬಾರಿಗೆ ಬಿಡುಗಡೆ ಮಾಡಿದ ಬಾಸ್ ಈ ವರ್ಗಕ್ಕೆ ಸೇರಿದ ಕಾರ್ಯಾಚರಣೆ ವ್ಯವಸ್ಥೆಗಳಾಗಿವೆ. ಇವುಗಳನ್ನು ಶುಲ್ಕವಿಲ್ಲದೆ ಪಡೆದು ಬಳಸಬಹುದಾಗಿದೆ.

ಅರ್ಜಿಯನ್ನು ಭರ್ತಿ ಮಾಡುವಾಗ ಹೆಸರಿನ ಒತ್ತಕ್ಷರ ತಪ್ಪಾಗಿ ಮೂಡುವುದು, ಕೀಲಿಮಣೆಯಲ್ಲಿ ಬೇಕಾದ ಅಕ್ಷರ ದೊರೆಯದಿರುವುದು, ಮುದ್ರಿತ ಪ್ರತಿಯಲ್ಲಿ ಅಕ್ಷರಗಳು ಬೇರ್ಪಡುವುದು ಮುಂತಾದ ತೊಂದರೆಗಳು ಕೆಲವೊಮ್ಮೆ ಎದುರಾಗುತ್ತವೆ. ಇಂತಹ ಸಂದರ್ಭಗಳಲ್ಲಿ ಬಹುತೇಕ ಬಳಕೆದಾರರು ತೊಂದರೆಯನ್ನು ಸಹಿಸಿಕೊಳ್ಳುತ್ತಾರೆ ಅಥವಾ ಬೇರೊಂದು ಗಣಕಯಂತ್ರದ ಮೊರೆ ಹೋಗುತ್ತಾರೆ. ಆದರೆ ಸದರಿ ವ್ಯವಸ್ಥೆಗಳನ್ನು ರೂಪಿಸುವವರಲ್ಲಿ ಹೆಚ್ಚಿನವರು ಕನ್ನಡ ಬಲ್ಲವರಲ್ಲ. ಅಕ್ಷರವೊಂದು ತಪ್ಪಾಗಿ ಮೂಡಿದ್ದರೂ ಅದು ಅವರ ಕಣ್ಣಿಗೆ ಸರಿಯಾಗಿಯೇ ಕಾಣುವುದು ಸಹಜ. ಕನ್ನಡ ಓದಬಲ್ಲ ಬಳಕೆದಾರರು ತಿಳಿಸದ ಹೊರತು ಇಂತಹ ದೋಷಗಳು ವರ್ಷಗಟ್ಟಲೆ ಉಳಿದುಬಿಡುವ ಸಂಭವವಿದೆ.

ಈ ಹಿನ್ನೆಲೆಯಲ್ಲಿ ಸಲಹೆ ಹಾಗೂ ದೋಷ ವರದಿಗಳನ್ನು ಯಾರಿಗೆ, ಯಾವ ಕ್ರಮದಲ್ಲಿ ಸಲ್ಲಿಸಬೇಕು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ. ಸಲಹೆ ಸಲ್ಲಿಸಲು ಯಾವುದೇ ತಾಂತ್ರಿಕ ವಿದ್ಯಾರ್ಹತೆಯ ಅಗತ್ಯವಿಲ್ಲ.

2. ವ್ಯವಸ್ಥೆಯ ರಚನೆ ಮತ್ತು ಹೊಣೆಗಾರಿಕೆ

ಲಿನಕ್ಸ್ ಎಂಬ ಹೆಸರು ವಾಸ್ತವವಾಗಿ ಲೀನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಪ್ರಾರಂಭಿಸಿದ ಮೂಲ ತಂತ್ರಾಂಶಕ್ಕೆ ಮಾತ್ರ ಸಲ್ಲುತ್ತದೆ. ಪರದೆಯ ಮೇಲೆ ಕಾಣುವ ಕಿಟಕಿಗಳು, ಪಟ್ಟಿಗಳು ಹಾಗೂ ಗುಂಡಿಗಳು ಗ್ನೋಮ್, ಕೆಡಿಇ ಮುಂತಾದ ಪ್ರತ್ಯೇಕ ಯೋಜನೆಗಳ ಕೆಲಸ. ಅಕ್ಷರಗಳ ಆಕಾರ ಫಾಂಟ್‌ನಲ್ಲಿರುತ್ತದೆ. ಆ ಆಕಾರಗಳನ್ನು ಒತ್ತಕ್ಷರ, ಗುಣಿತಾಕ್ಷರಗಳಾಗಿ ಜೋಡಿಸುವ ಕಾರ್ಯವನ್ನು ಹಾರ್ಫ್‌ಬಝ್‌ನಂತಹ ಬೇರೆ ತಂತ್ರಾಂಶಗಳು ನಿರ್ವಹಿಸುತ್ತವೆ. ಕೀಲಿಮಣೆಯ ವಿನ್ಯಾಸ ಮತ್ತೊಂದು ಭಾಗ. ಇವೆಲ್ಲವನ್ನೂ ಒಟ್ಟುಗೂಡಿಸಿ ಬಳಕೆಗೆ ಸಿದ್ಧಪಡಿಸಿ ಕೊಡುವುದು ಉಬುಂಟು, ಡೆಬಿಯನ್ ಮುಂತಾದ ವಿತರಣೆಗಳ ಕೆಲಸವಾಗಿರುತ್ತದೆ.

ಆದ್ದರಿಂದ ಇಡೀ ವ್ಯವಸ್ಥೆಗೆ ಒಂದೇ ಕಚೇರಿ ಅಥವಾ ಒಬ್ಬನೇ ಅಧಿಕಾರಿ ಎಂಬುದಿಲ್ಲ. ಸಲಹೆಯು ಸಂಬಂಧಪಟ್ಟ ಭಾಗದ ನಿರ್ವಾಹಕರಿಗೆ ತಲುಪಿದಾಗ ಮಾತ್ರ ಅದರ ಮೇಲೆ ಕ್ರಮ ಸಾಧ್ಯವಾಗುತ್ತದೆ.

3. ದೋಷದ ಮೂಲವನ್ನು ಗುರುತಿಸುವ ಕ್ರಮ

ಉದಾಹರಣೆಗೆ ‘ಸೂರ್ಯ’ ಮತ್ತು ‘ರ‍್ಯಾಂಕ್’ ಎಂಬ ಎರಡು ಪದಗಳನ್ನು ಪರಿಶೀಲಿಸಬಹುದು. ಮೊದಲನೆಯದರಲ್ಲಿ ರಕಾರವು ಅರ್ಕಾವತ್ತಾಗಿ ಯಕಾರದ ನಂತರ ಬರುತ್ತದೆ. ಎರಡನೆಯದರಲ್ಲಿ ರಕಾರವು ಪೂರ್ಣಾಕ್ಷರವಾಗಿ ನಿಂತು ಯಕಾರವು ಅದರ ಒತ್ತಾಗುತ್ತದೆ. ಯೂನಿಕೋಡ್ ಶಿಷ್ಟತೆಯಲ್ಲಿ ಈ ಎರಡಕ್ಕೂ ರ, ವಿರಾಮ ಚಿಹ್ನೆ ಮತ್ತು ಯ ಎಂಬ ಸಂಕೇತಗಳೇ ಇದ್ದು, ಎರಡನೆಯ ರೂಪವನ್ನು ಪಡೆಯಲು ರಕಾರ ಮತ್ತು ವಿರಾಮದ ನಡುವೆ ‘ಜೀರೋ ವಿಡ್ತ್ ಜಾಯ್ನರ್’ ಎಂಬ, ಕಣ್ಣಿಗೆ ಕಾಣದ ಸಂಕೇತವನ್ನು ಸೇರಿಸಬೇಕಾಗುತ್ತದೆ. ಇದು ಎಲ್ಲಿಯಾದರೂ ತಪ್ಪಿಹೋದಲ್ಲಿ ‘ರ‍್ಯಾಂಕ್’ ಎಂಬುದು ‘ರ್ಯಾಂಕ್’ ಎಂದು ಮೂಡುತ್ತದೆ. ಹೆಸರುಗಳಲ್ಲಿ ಇದೇ ಬಗೆಯ ವ್ಯತ್ಯಾಸ ಉಂಟಾದಲ್ಲಿ ದಾಖಲೆಗಳ ನಡುವೆ ಹೊಂದಾಣಿಕೆಯಾಗದೆ ಅರ್ಜಿದಾರರಿಗೆ ತೊಂದರೆಯಾಗಬಹುದು.

ತಪ್ಪು ಎಲ್ಲಿ ನಡೆದಿದೆ ಎಂಬುದನ್ನು ತಿಳಿಯಲು ಕೆಳಕಂಡ ಸರಳ ಪರೀಕ್ಷೆಗಳನ್ನು ಮಾಡಬಹುದಾಗಿದೆ:

(ಅ) ಅದೇ ಪದವನ್ನು ಪಠ್ಯ ಸಂಪಾದಕದಲ್ಲಿ ಬೆರಳಚ್ಚು ಮಾಡಿ ನೋಡುವುದು. ಅಲ್ಲಿ ಸರಿಯಾಗಿ ಮೂಡಿ, ಜಾಲಪುಟದಲ್ಲಿ ಮಾತ್ರ ತಪ್ಪಾದರೆ ದೋಷವು ಆ ಜಾಲತಾಣದ್ದು ಅಥವಾ ಜಾಲವೀಕ್ಷಕದ್ದು. ಬೇರೊಂದು ಜಾಲವೀಕ್ಷಕದಲ್ಲಿಯೂ ತಪ್ಪು ಉಳಿದರೆ ಮೊದಲು ಜಾಲತಾಣದ ನಿರ್ವಾಹಕರ ಗಮನಕ್ಕೆ ತರುವುದು ಸೂಕ್ತ.

(ಆ) ಫಾಂಟ್ ಬದಲಿಸಿ ನೋಡುವುದು. ಲೋಹಿತ್ ಕನ್ನಡದಲ್ಲಿ ತಪ್ಪಾಗಿ, ನೋಟೋ ಸಾನ್ಸ್ ಕನ್ನಡದಲ್ಲಿ ಸರಿಯಾಗಿ ಕಂಡರೆ, ಅಥವಾ ಇದಕ್ಕೆ ವ್ಯತಿರಿಕ್ತವಾಗಿ ಕಂಡರೆ, ದೋಷವು ಬಹುಮಟ್ಟಿಗೆ ಆಯಾ ಫಾಂಟ್‌ನದ್ದಾಗಿರುತ್ತದೆ. ಎಲ್ಲ ಫಾಂಟ್‌ಗಳಲ್ಲಿಯೂ ತಪ್ಪಾದರೆ ಅಕ್ಷರ ಜೋಡಣೆಯ ತಂತ್ರಾಂಶವನ್ನು ಅಥವಾ ಬೆರಳಚ್ಚಿನ ಕ್ರಮವನ್ನು ಪರಿಶೀಲಿಸಬೇಕಾಗುತ್ತದೆ.

(ಇ) ಕೀಲಿಮಣೆಯ ವಿನ್ಯಾಸವನ್ನು ಬದಲಿಸಿ ನೋಡುವುದು. ಲಿನಕ್ಸ್ ವ್ಯವಸ್ಥೆಗಳಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ವಿನ್ಯಾಸಗಳು ಲಭ್ಯವಿವೆ. ಒಂದರಲ್ಲಿ ದೊರೆತು ಇನ್ನೊಂದರಲ್ಲಿ ದೊರೆಯದ ಅಕ್ಷರವಿದ್ದರೆ ಅದನ್ನು ಕೀಲಿಮಣೆ ವಿನ್ಯಾಸದ ಕುರಿತ ಸಲಹೆಯಾಗಿ ಸಲ್ಲಿಸಬೇಕು.

(ಈ) ಹಳೆಯ ಕಡತವೊಂದರಲ್ಲಿ ಕನ್ನಡದ ಬದಲಿಗೆ ಇಂಗ್ಲಿಷ್ ಅಕ್ಷರಗಳು ಹಾಗೂ ಚಿಹ್ನೆಗಳು ಕಂಡುಬಂದಲ್ಲಿ, ಅದು ಯೂನಿಕೋಡ್‌ಪೂರ್ವದ ಫಾಂಟ್‌ನಲ್ಲಿ ಸಿದ್ಧಪಡಿಸಿದ ಕಡತವಾಗಿರುತ್ತದೆ. ಇದು ಲಿನಕ್ಸ್ ವ್ಯವಸ್ಥೆಯ ದೋಷವಲ್ಲ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

4. ಸಲಹೆಗಳನ್ನು ಸಲ್ಲಿಸುವ ಸ್ಥಳ

ಮೂಲವು ಖಚಿತವಾಗದಿದ್ದಲ್ಲಿ ತಾವು ಬಳಸುತ್ತಿರುವ ವಿತರಣೆಗೇ ವರದಿ ಸಲ್ಲಿಸುವುದು ಉತ್ತಮ. ಅಲ್ಲಿನ ನಿರ್ವಾಹಕರು ಅಗತ್ಯವಿದ್ದಲ್ಲಿ ಅದನ್ನು ಸಂಬಂಧಪಟ್ಟ ಯೋಜನೆಗೆ ಕಳುಹಿಸುತ್ತಾರೆ.

ಡೆಬಿಯನ್ ಬಳಕೆದಾರರು ‘ರಿಪೋರ್ಟ್‌ಬಗ್’ ಎಂಬ ತಂತ್ರಾಂಶದ ನೆರವಿನಿಂದ ಇ-ಮೇಲ್ ಮೂಲಕ ವರದಿ ಸಲ್ಲಿಸಬಹುದು. ದೋಷವಲ್ಲದ, ಹೊಸ ಸೌಲಭ್ಯವನ್ನು ಕೋರುವ ಸಲಹೆಗಳಿಗೆ ಅಲ್ಲಿ ‘ವಿಶ್‌ಲಿಸ್ಟ್’ ಎಂಬ ಪ್ರತ್ಯೇಕ ವರ್ಗವಿದೆ. ಉಬುಂಟು ಬಳಕೆದಾರರು ‘ಲಾಂಚ್‌ಪ್ಯಾಡ್’ ಜಾಲತಾಣದಲ್ಲಿ ಖಾತೆ ತೆರೆದು ದೋಷ ವರದಿ ಸಲ್ಲಿಸಬೇಕು. ‘ಉಬುಂಟು-ಬಗ್’ ಎಂಬ ಆದೇಶವು ವ್ಯವಸ್ಥೆಯ ಆವೃತ್ತಿ ಮುಂತಾದ ವಿವರಗಳನ್ನು ತಾನೇ ಸಂಗ್ರಹಿಸಿ ವರದಿಗೆ ಸೇರಿಸುತ್ತದೆ. ಗ್ನೋಮ್ ಯೋಜನೆಯು ತನ್ನ ವರದಿಗಳನ್ನು ಗಿಟ್‌ಲ್ಯಾಬ್ ವ್ಯವಸ್ಥೆಯಲ್ಲಿ ಸ್ವೀಕರಿಸುತ್ತದೆ. ಪಟ್ಟಿಗಳಲ್ಲಿನ ಕನ್ನಡ ಪದಗಳು ತಪ್ಪಾಗಿದ್ದಲ್ಲಿ ಅಥವಾ ಅರ್ಥವಾಗದಂತಿದ್ದಲ್ಲಿ ಆಯಾ ಯೋಜನೆಯ ಅನುವಾದ ತಂಡಕ್ಕೆ ತಿಳಿಸಬೇಕು.

ಹೊಸ ವರದಿ ಸಲ್ಲಿಸುವ ಮೊದಲು ಅದೇ ವಿಷಯವನ್ನು ಬೇರೆಯವರು ಈಗಾಗಲೇ ತಿಳಿಸಿದ್ದಾರೆಯೇ ಎಂದು ಹುಡುಕಿ ನೋಡತಕ್ಕದ್ದು. ತಿಳಿಸಿದ್ದಲ್ಲಿ ಅದೇ ವರದಿಗೆ ತಮ್ಮ ಅನುಭವವನ್ನು ಸೇರಿಸುವುದು ಹೆಚ್ಚು ಪರಿಣಾಮಕಾರಿ.

5. ಸಲಹೆಯಲ್ಲಿ ಇರಬೇಕಾದ ಅಂಶಗಳು

‘ಕನ್ನಡ ಸರಿಯಾಗಿ ಬರುವುದಿಲ್ಲ, ಸರಿಪಡಿಸಿ’ ಎಂಬ ವರದಿಯ ಮೇಲೆ ಕ್ರಮ ಕೈಗೊಳ್ಳುವುದು ಕಷ್ಟ. ಅದರ ಬದಲಿಗೆ ಈ ಕೆಳಗಿನ ವಿವರಗಳನ್ನು ನೀಡಬೇಕು:

• ವಿತರಣೆಯ ಹೆಸರು, ಆವೃತ್ತಿ ಮತ್ತು ಸಂಬಂಧಪಟ್ಟ ತಂತ್ರಾಂಶದ ಆವೃತ್ತಿ
• ಅನುಸರಿಸಿದ ಹಂತಗಳು, ಅನುಕ್ರಮವಾಗಿ
• ನಿರೀಕ್ಷಿಸಿದ ಫಲಿತಾಂಶ ಮತ್ತು ದೊರೆತ ಫಲಿತಾಂಶ
• ತಪ್ಪು ರೂಪದ ಹಾಗೂ ಸರಿಯಾದ ರೂಪದ ಚಿತ್ರಗಳು
• ಅದೇ ಪದ, ಬೆರಳಚ್ಚು ಮಾಡಿದ ಪಠ್ಯದ ರೂಪದಲ್ಲಿ

ಕೊನೆಯ ಅಂಶವು ಬಹಳ ಮುಖ್ಯ. ಚಿತ್ರವನ್ನು ಮಾತ್ರ ಕಳುಹಿಸಿದಲ್ಲಿ ಕನ್ನಡ ಬಾರದ ನಿರ್ವಾಹಕರು ಆ ಪದವನ್ನು ತಮ್ಮ ಗಣಕಯಂತ್ರದಲ್ಲಿ ಮೂಡಿಸಿ ಪರೀಕ್ಷಿಸಲಾರರು. ವರದಿಯನ್ನು ಸರಳ ಇಂಗ್ಲಿಷ್‌ನಲ್ಲಿ ಬರೆಯುವುದು ಸೂಕ್ತ. ಭಾಷೆಯ ಸೊಗಸಿಗಿಂತ ವಿವರಗಳ ನಿಖರತೆಯೇ ಇಲ್ಲಿ ಮುಖ್ಯವಾಗುತ್ತದೆ.

ಹೊಸ ಸೌಲಭ್ಯವನ್ನು ಕೋರುವಾಗ, ಬೇಕಾದ ಗುಂಡಿಯನ್ನು ಅಥವಾ ಪಟ್ಟಿಯನ್ನು ಸೂಚಿಸುವುದಕ್ಕಿಂತ ಮೊದಲು, ಯಾವ ಕೆಲಸ ಎಲ್ಲಿ ನಿಂತುಹೋಯಿತು ಎಂಬುದನ್ನು ತಿಳಿಸಬೇಕು. ಒಂದು ವರದಿಯಲ್ಲಿ ಒಂದೇ ವಿಷಯವಿರಬೇಕು.

6. ವರದಿಯಲ್ಲಿ ಸೇರಿಸಬಾರದ ಮಾಹಿತಿ

ಡೆಬಿಯನ್ ಯೋಜನೆಯು 1997ರಲ್ಲಿ ಅಂಗೀಕರಿಸಿದ ಸಾಮಾಜಿಕ ಒಪ್ಪಂದದ ಪ್ರಕಾರ ಅದರ ದೋಷ ವರದಿಗಳೆಲ್ಲವೂ ಸಾರ್ವಜನಿಕರಿಗೆ ಮುಕ್ತವಾಗಿರುತ್ತವೆ. ಇತರ ಯೋಜನೆಗಳಲ್ಲಿಯೂ ಸಾಮಾನ್ಯವಾಗಿ ಇದೇ ಪದ್ಧತಿಯಿದೆ. ವರದಿಯನ್ನು ಜಗತ್ತಿನ ಯಾರು ಬೇಕಾದರೂ ಓದಬಹುದು. ಡೆಬಿಯನ್‌ನಲ್ಲಿ ವರದಿಗಾರರ ಇ-ಮೇಲ್ ವಿಳಾಸವೂ ಬಹಿರಂಗವಾಗಿರುತ್ತದೆ.

ಆದ್ದರಿಂದ ಭರ್ತಿ ಮಾಡಿದ ಅರ್ಜಿಯ ಚಿತ್ರವನ್ನು ಇದ್ದಂತೆಯೇ ಲಗತ್ತಿಸಬಾರದು. ಆಧಾರ್ ಸಂಖ್ಯೆ, ಪಡಿತರ ಚೀಟಿಯ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ದೂರವಾಣಿ ಸಂಖ್ಯೆ, ಮನೆಯ ವಿಳಾಸ, ಜಾತಿ ಅಥವಾ ಆದಾಯ ಪ್ರಮಾಣಪತ್ರದ ಪ್ರತಿ ಇವುಗಳಲ್ಲಿ ಯಾವುದನ್ನೂ ಸೇರಿಸಕೂಡದು. ತಪ್ಪಾದ ಪದವನ್ನು ಮಾತ್ರ ಖಾಲಿ ಕಡತವೊಂದರಲ್ಲಿ ಬೆರಳಚ್ಚು ಮಾಡಿ, ಅದರ ಚಿತ್ರವನ್ನು ಕಳುಹಿಸಿದರೆ ಸಾಕು. ತಂತ್ರಾಂಶವು ಹಠಾತ್ತನೆ ಸ್ಥಗಿತಗೊಂಡಾಗ ಸಿದ್ಧವಾಗುವ ಸ್ವಯಂಚಾಲಿತ ವರದಿಗಳಲ್ಲಿ ಆ ಕ್ಷಣದಲ್ಲಿ ತೆರೆದಿದ್ದ ಮಾಹಿತಿಯ ಅಂಶಗಳು ಸೇರಿರುವ ಸಾಧ್ಯತೆ ಇರುವುದರಿಂದ ಅವುಗಳನ್ನು ಸಲ್ಲಿಸುವ ಮುನ್ನವೂ ಎಚ್ಚರಿಕೆ ಅಗತ್ಯ.

7. ಸಲಹೆಗಳ ಪರಿಶೀಲನೆ ಮತ್ತು ಫಲಿತಾಂಶ

ಸಲ್ಲಿಸಿದ ಎಲ್ಲ ಸಲಹೆಗಳೂ ಅಂಗೀಕಾರವಾಗುವುದಿಲ್ಲ. ನಿರ್ವಾಹಕರಲ್ಲಿ ಅನೇಕರು ಸ್ವಯಂಸೇವಕರಾಗಿರುವುದರಿಂದ ಉತ್ತರಕ್ಕೆ ಕಾಲಮಿತಿಯೂ ಇರುವುದಿಲ್ಲ. ಹಿಂದಿನ ಕೆಲವು ಉದಾಹರಣೆಗಳಿಂದ ಯಾವ ಬಗೆಯ ಸಲಹೆಗೆ ಯಾವ ಫಲ ದೊರೆಯಬಹುದು ಎಂಬುದನ್ನು ಅರಿಯಬಹುದಾಗಿದೆ.

2009ರಲ್ಲಿ ಉಬುಂಟು ಯೋಜನೆಯು, ಸಾಮಾನ್ಯ ಬಳಕೆದಾರರಿಗೆ ದಿನನಿತ್ಯ ಕಿರಿಕಿರಿಯುಂಟುಮಾಡುವ, ಆದರೆ ಸುಲಭವಾಗಿ ಸರಿಪಡಿಸಬಹುದಾದ ನೂರು ಸಣ್ಣ ದೋಷಗಳನ್ನು ನಿವಾರಿಸುವ ಕಾರ್ಯಕ್ರಮವನ್ನು ಕೈಗೊಂಡಿತು. ದೊಡ್ಡ ಬದಲಾವಣೆಗಳ ನಡುವೆ ಕಡೆಗಣಿಸಲ್ಪಡುವ ಸಣ್ಣ ತೊಂದರೆಗಳಿಗೂ ಬೆಲೆಯುಂಟು ಎಂಬುದನ್ನು ಇದು ತೋರಿಸಿತು.

2019ರ ಜೂನ್ ತಿಂಗಳಲ್ಲಿ 32 ಬಿಟ್ ತಂತ್ರಾಂಶಗಳಿಗೆ ನೀಡುತ್ತಿದ್ದ ಬೆಂಬಲವನ್ನು ಮುಂದಿನ ಆವೃತ್ತಿಯಿಂದ ಕೈಬಿಡುವುದಾಗಿ ಉಬುಂಟು ಪ್ರಕಟಿಸಿತು. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ‘ವೈನ್’ ಹಾಗೂ ಆಟಗಳನ್ನು ಒದಗಿಸುವ ‘ಸ್ಟೀಮ್’ ಇದರಿಂದ ಬಾಧಿತವಾಗುತ್ತವೆ ಎಂದು ಬಳಕೆದಾರರು ಮತ್ತು ತಂತ್ರಜ್ಞರು ಆಕ್ಷೇಪಣೆ ಸಲ್ಲಿಸಿದರು. ಕೆಲವೇ ದಿನಗಳಲ್ಲಿ ನಿರ್ಧಾರವನ್ನು ಮರುಪರಿಶೀಲಿಸಿ, ಆಯ್ದ 32 ಬಿಟ್ ತಂತ್ರಾಂಶಗಳನ್ನು ಉಳಿಸಿಕೊಳ್ಳಲಾಯಿತು. ಯಾವುದು ನಿಂತುಹೋಗುತ್ತದೆ ಎಂಬುದನ್ನು ನಿರ್ದಿಷ್ಟವಾಗಿ ತಿಳಿಸಿದ್ದು ಇಲ್ಲಿ ಗಮನಾರ್ಹ.

ಇದಕ್ಕೆ ವ್ಯತಿರಿಕ್ತವಾಗಿ, 2010ರ ಆವೃತ್ತಿಯಲ್ಲಿ ಕಿಟಕಿಯನ್ನು ಮುಚ್ಚುವ ಗುಂಡಿಗಳನ್ನು ಬಲದಿಂದ ಎಡಕ್ಕೆ ಸರಿಸಿದಾಗ ವ್ಯಾಪಕ ವಿರೋಧ ವ್ಯಕ್ತವಾದರೂ ನಿರ್ಧಾರ ಬದಲಾಗಲಿಲ್ಲ. 2017ರಲ್ಲಿ ಗ್ನೋಮ್ ಪರಿಸರಕ್ಕೆ ಮರಳಿದಾಗ ಮಾತ್ರ ಗುಂಡಿಗಳು ಬಲಕ್ಕೆ ಬಂದವು. ಅಭಿರುಚಿಗೆ ಸಂಬಂಧಿಸಿದ ವಿಷಯಗಳಲ್ಲಿ ವಿನ್ಯಾಸಕಾರರ ತೀರ್ಮಾನವೇ ಅಂತಿಮವಾಗುವ ಸಂದರ್ಭಗಳಿವೆ.

ಉಬುಂಟು ಆವೃತ್ತಿಗಳು ಪ್ರತಿ ವರ್ಷ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬಿಡುಗಡೆಯಾಗುತ್ತವೆ. ಬಿಡುಗಡೆಗೆ ಸುಮಾರು ಎರಡು ತಿಂಗಳ ಮುಂಚೆಯೇ ಹೊಸ ಸೌಲಭ್ಯಗಳ ಸೇರ್ಪಡೆಯನ್ನು ನಿಲ್ಲಿಸಲಾಗುತ್ತದೆ. ನಂತರ ಬಂದ ಸಲಹೆಗಳು ಮುಂದಿನ ಆವೃತ್ತಿಯವರೆಗೆ ಕಾಯಬೇಕಾಗುತ್ತದೆ.

ವರದಿ ಸಲ್ಲಿಸಿದ ನಂತರ ನಿರ್ವಾಹಕರು ಹೆಚ್ಚಿನ ವಿವರ ಕೇಳಿದಲ್ಲಿ ತಪ್ಪದೇ ಉತ್ತರಿಸಬೇಕು. ಲಾಂಚ್‌ಪ್ಯಾಡ್‌ನಲ್ಲಿ ‘ಅಪೂರ್ಣ’ ಎಂದು ಗುರುತಿಸಲಾದ ಉಬುಂಟು ವರದಿಗೆ 60 ದಿನಗಳವರೆಗೆ ಉತ್ತರ ಬಾರದಿದ್ದಲ್ಲಿ ಅದು ತಾನಾಗಿಯೇ ಮುಕ್ತಾಯಗೊಳ್ಳುತ್ತದೆ.

8. ಅರ್ಜಿದಾರರ ವಿಶೇಷ ಗಮನಕ್ಕೆ

ದೋಷ ವರದಿ ಸಲ್ಲಿಸಿದ ಮಾತ್ರಕ್ಕೆ ಸೇವೆಯ ಅರ್ಜಿಗೆ ನಿಗದಿಪಡಿಸಿದ ಕೊನೆಯ ದಿನಾಂಕ ವಿಸ್ತರಣೆಯಾಗುವುದಿಲ್ಲ. ದೋಷ ನಿವಾರಣೆಯಾಗುವವರೆಗೆ ಕಾಯದೆ, ಬೇರೆ ಫಾಂಟ್, ಬೇರೆ ಜಾಲವೀಕ್ಷಕ ಅಥವಾ ಬೇರೆ ಗಣಕಯಂತ್ರದ ಮೂಲಕ ಅರ್ಜಿಯನ್ನು ಸಕಾಲದಲ್ಲಿ ಸಲ್ಲಿಸತಕ್ಕದ್ದು. ಸಲ್ಲಿಸುವ ಮುನ್ನ ತಮ್ಮ ಹೆಸರು, ತಂದೆ ತಾಯಿಯ ಹೆಸರು ಹಾಗೂ ಊರಿನ ಹೆಸರನ್ನು ಅಕ್ಷರಶಃ ಓದಿ ಖಚಿತಪಡಿಸಿಕೊಳ್ಳಬೇಕು. ಈಗಾಗಲೇ ವಿತರಣೆಯಾದ ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿದ್ದಲ್ಲಿ ಅದರ ತಿದ್ದುಪಡಿಗೆ ಸಂಬಂಧಪಟ್ಟ ಕಚೇರಿಗೇ ಅರ್ಜಿ ಸಲ್ಲಿಸಬೇಕು. ಲಿನಕ್ಸ್ ಯೋಜನೆಗಳಿಗೆ ಈ ವಿಷಯದಲ್ಲಿ ಯಾವುದೇ ಅಧಿಕಾರವಿರುವುದಿಲ್ಲ.

ಅರ್ಜಿಯ ಕೆಲಸ ಮುಗಿದ ನಂತರವೂ ಎದುರಾದ ದೋಷವನ್ನು ಮರೆಯದೆ ವರದಿ ಮಾಡುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ. ಒಬ್ಬರು ನೀಡಿದ ನಿಖರವಾದ ವರದಿಯಿಂದ ಒಂದು ಅಕ್ಷರ ಸರಿಯಾದಲ್ಲಿ, ಅದೇ ಅಕ್ಷರವುಳ್ಳ ಹೆಸರಿನ ಮುಂದಿನ ಅರ್ಜಿದಾರರಿಗೆ ಆ ತೊಂದರೆ ತಪ್ಪುತ್ತದೆ.