ಗುಳ್ಳೆ ಎದ್ದದ್ದು ಜೇಡದಿಂದಲೇ?

ಹಬ್ಬ ಹತ್ತಿರ ಬಂತೆಂದರೆ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ಮನೆಯ ಮೂಲೆ ಮೂಲೆಯ ಬಲೆ ತೆಗೆಯುವುದು ನಮ್ಮಲ್ಲಿ ವಾಡಿಕೆ. ಧೂಳು ಹಿಡಿದ ಬಲೆಯನ್ನು ತೆಗೆಯಬೇಕಾದದ್ದೇ. ಆದರೆ ಪೊರಕೆಯ ಹಿಂದೆಯೇ ಚಪ್ಪಲಿಯೂ ಕೈಗೆ ಬರುತ್ತದೆ. ಬಚ್ಚಲುಮನೆಯ ಗೋಡೆಯ ಮೇಲೆ ಅಂಗೈಯಗಲ ಕಾಲು ಚಾಚಿಕೊಂಡ ಕಂದು ಜೇಡವನ್ನು ಕಂಡು ಮಗು ಕಿರುಚುತ್ತದೆ. ಅಪ್ಪ ಓಡಿ ಬಂದು ಒಂದೇಟು ಹಾಕುತ್ತಾರೆ. ಏಕೆಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ‘ಅದು ಮೈಮೇಲೆ ಹರಿದರೆ ಗುಳ್ಳೆ ಏಳುತ್ತೆ, ಉಚ್ಚೆ ಹೊಯ್ದರೆ ಚರ್ಮ ಸುಟ್ಟೇ ಹೋಗುತ್ತೆ.’

ಗುಳ್ಳೆ ಏಳುವುದೇನೋ ಸುಳ್ಳಲ್ಲ. ಮಳೆಗಾಲದಲ್ಲಿ ಚೆನ್ನಾಗಿಯೇ ಮಲಗಿದ್ದವರಿಗೆ ಕುತ್ತಿಗೆಯ ಮೇಲೋ ಕೆನ್ನೆಯ ಮೇಲೋ ಚಾಟಿಯಲ್ಲಿ ಹೊಡೆದಂತೆ ಕೆಂಪು ಬರೆ, ಅದರ ಮೇಲೆ ಉರಿಯುವ ನೀರುಗುಳ್ಳೆ. ತಲೆಯೆತ್ತಿ ನೋಡಿದರೆ ಮೂಲೆಯಲ್ಲಿ ಜೇಡ! ವಿಚಾರಣೆಯೇ ಇಲ್ಲದೆ ಶಿಕ್ಷೆ.

ನಿಜವಾದ ಅಪರಾಧಿ ಅನೇಕ ಸಲ ಪೀಡರಸ್ ಎಂಬ ಪುಟ್ಟ ದುಂಬಿ. ಸುಮಾರು ಒಂದು ಸೆಂಟಿಮೀಟರ್ ಉದ್ದ. ಕಿತ್ತಳೆ ಮತ್ತು ಕಪ್ಪು ಬಣ್ಣದ ಪಟ್ಟಿಗಳು. ದೂರದಿಂದ ಇರುವೆಯೇ ಎನ್ನಬೇಕು. ಗದ್ದೆ, ಒದ್ದೆ ನೆಲಗಳಲ್ಲಿ ಅದರ ವಾಸ. ರಾತ್ರಿ ದೀಪ ಕಂಡು ಮನೆಯೊಳಗೆ ಬರುತ್ತದೆ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಕೂತದ್ದನ್ನು ನಾವೇ ನಿದ್ದೆಗಣ್ಣಿನಲ್ಲಿ ಉಜ್ಜಿ ಅರೆಯುತ್ತೇವೆ. ಅದರ ದೇಹದ್ರವದಲ್ಲಿರುವ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಗಲುತ್ತದೆ. ಗುಳ್ಳೆ ಕಾಣಿಸುವುದು ಹೆಚ್ಚುಕಡಿಮೆ ಒಂದು ದಿನ ಕಳೆದ ಮೇಲೆ. ಅಷ್ಟರಲ್ಲಿ ದುಂಬಿಯ ನೆನಪು ಯಾರಿಗಿರುತ್ತದೆ? ಅಂಥ ಕೀಟ ಮೈಮೇಲೆ ಕಂಡರೆ ಊದಿ ಹಾರಿಸಿ, ಆ ಜಾಗವನ್ನು ಸೋಪು ಹಚ್ಚಿ ತೊಳೆಯಿರಿ. ಇನ್ನು ಕೆಲವೊಮ್ಮೆ ‘ಜೇಡದ ಗುಳ್ಳೆ’ ಎಂದುಕೊಂಡದ್ದು ಸರ್ಪಸುತ್ತು, ಅಂದರೆ ವೈರಸ್ಸಿನಿಂದ ಬರುವ ಕಾಯಿಲೆ, ಆಗಿರುವುದೂ ಉಂಟು. ಕಣ್ಣಿನ ಹತ್ತಿರ ಗುಳ್ಳೆ ಎದ್ದಾಗ ಜೇಡವನ್ನು ಬೈಯುತ್ತ ಮನೆಮದ್ದು ಅರೆಯುವುದು ಅಪಾಯ, ವೈದ್ಯರಲ್ಲಿಗೆ ಹೋಗಬೇಕು.

ಬಚ್ಚಲಿನ ಆ ದೊಡ್ಡ ಜೇಡ ಬಲೆಯನ್ನೇ ಹೆಣೆಯುವುದಿಲ್ಲ. ‘ಜೇಡ’ ಎಂದರೆ ಕನ್ನಡದಲ್ಲಿ ನೇಕಾರ ಎಂದೂ ಅರ್ಥ (ವಚನಕಾರ ಜೇಡರ ದಾಸಿಮಯ್ಯನನ್ನು ನೆನೆಯಿರಿ), ಆದರೆ ಜೇಡಗಳೆಲ್ಲ ಬಲೆ ನೇಯುವುದಿಲ್ಲ! ಇದು ರಾತ್ರಿಯ ಬೇಟೆಗಾರ, ಜಿರಳೆ ಅದರ ಮೆಚ್ಚಿನ ಊಟ. ಹೊಟ್ಟೆಯಡಿ ಬಿಳಿ ಬಿಲ್ಲೆಯಂಥದ್ದನ್ನು ಹೊತ್ತಿದ್ದರೆ ಅದು ತಾಯಿ, ಬಿಲ್ಲೆಯೊಳಗೆ ಮೊಟ್ಟೆಗಳಿವೆ. ಮನೆಯಲ್ಲಿ ಬೇಡವೆನಿಸಿದರೆ ಅಗಲ ಬಾಯಿಯ ಡಬ್ಬಿ ಮುಚ್ಚಿ, ಕೆಳಗೆ ರಟ್ಟು ತೂರಿಸಿ ಹೊರಗೆ ಬಿಡಬಹುದು.

ಕಿಟಕಿಯ ಬಿಸಿಲಿನಲ್ಲಿ ನೆಗೆಯುವ ಗಿಡ್ಡ ಜೇಡವನ್ನಂತೂ ಮಕ್ಕಳು ಗಂಟೆಗಟ್ಟಲೆ ನೋಡಬಹುದು. ಎಂಟು ಕಣ್ಣು, ಮುಂದಿನ ಎರಡು ಕಾರಿನ ದೀಪದಂತೆ ದೊಡ್ಡವು. ಬೆರಳು ಆಡಿಸಿದರೆ ತಿರುಗಿ ನಿಮ್ಮನ್ನೇ ನೋಡುತ್ತದೆ. ನೊಣದ ಮೇಲೆ ಹಾರುವ ಮೊದಲು ನಿಂತಲ್ಲಿಗೆ ಒಂದು ಎಳೆ ಅಂಟಿಸಿಕೊಳ್ಳುತ್ತದೆ. ಗುರಿ ತಪ್ಪಿದರೂ ನೇತಾಡುತ್ತದೆಯೇ ಹೊರತು ಬೀಳುವುದಿಲ್ಲ. ಹಿತ್ತಲಿನ ಗಿಡಗಳ ನಡುವೆ ಬಲೆಯ ಮಧ್ಯದಲ್ಲಿ ಅಂಕುಡೊಂಕು ಬಿಳಿ ಗೆರೆಗಳಿಂದ ಗುಣಾಕಾರದ ಚಿಹ್ನೆ ಬರೆದು, ಅದರ ಮೇಲೆಯೇ ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಕೂರುವ ಜೇಡವೂ ಉಂಟು. ಆ ಗೆರೆ ಏಕೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ.

ಜೇಡಗಳಿಗೆ ವಿಷವೇ ಇಲ್ಲವೆಂದಲ್ಲ. ಬಹುತೇಕ ಎಲ್ಲಕ್ಕೂ ಇದೆ, ಆದರೆ ಅದು ಕೀಟಗಳಿಗೆ ಹೇಳಿ ಮಾಡಿಸಿದ್ದು. ಮನೆಯ ಸಣ್ಣ ಜೇಡಗಳಿಂದ ನಮಗೆ ಅಪಾಯವಿಲ್ಲವೆನ್ನಬಹುದು. ಮರದ ಪೊಟರೆಗಳಲ್ಲಿರುವ, ಮೈತುಂಬ ರೋಮದ ದಪ್ಪ ಜೇಡಗಳ ಮಾತು ಬೇರೆ. ಅವು ಕಚ್ಚಿದರೆ ತೀವ್ರ ನೋವು, ಸ್ನಾಯುಸೆಳೆತ ಬರಬಹುದು. ಪೊಟರೆಗೆ ಕೈ ಹಾಕದಿರುವುದೇ ಲೇಸು.

ರಾತ್ರಿ ಊಟವಾದ ಮೇಲೆ ಚಪ್ಪಲಿ ಮೆಟ್ಟಿ, ಮಕ್ಕಳೊಂದಿಗೆ ಅಂಗಳಕ್ಕೆ ಇಳಿಯಿರಿ. ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದು ಹುಲ್ಲಿನ ಮೇಲೆ ಬೆಳಕು ಬಿಡಿ. ಅಲ್ಲಲ್ಲಿ ಹಸಿರು ಚುಕ್ಕಿಗಳು ಮಿನುಗಿದರೆ ಇಬ್ಬನಿಯೆಂದು ತಿಳಿಯಬೇಡಿ, ಹತ್ತಿರ ಹೋಗಿ. ನೆಲದ ಮೇಲೆ ಬೇಟೆಯಾಡುವ ತೋಳಜೇಡದ ಕಣ್ಣುಗಳಿರಬಹುದು. ಒಂದೇ ಕಡೆ ಹತ್ತಾರು ಚುಕ್ಕಿ ಒಟ್ಟಿಗೆ ಹೊಳೆದರೆ, ತಾಯಿಯ ಬೆನ್ನೇರಿ ಕುಳಿತ ಮರಿಗಳು ನಿಮ್ಮತ್ತ ನೋಡುತ್ತಿರುತ್ತವೆ.