ಹಿಮ ಕಾಣದ ಊರಿನಲ್ಲಿ ಹಿಮದ ಚಿತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹಿಮ ಬೀಳುವುದಿಲ್ಲ. ಆದರೂ ಇಲ್ಲಿನ ಮಕ್ಕಳ ಡ್ರಾಯಿಂಗ್ ಪುಸ್ತಕ ತೆರೆದರೆ ಹಿಮ ಹೊದ್ದ ಶಿಖರ, ಚೂಪು ಮರ, ಹೊಗೆಗೂಡಿನ ಮನೆ ಕಣ್ಣಿಗೆ ಬೀಳುವುದುಂಟು. ಎಲ್ಲ ಕ್ಯಾಲೆಂಡರಿನ ಕೃಪೆ! ಅಡಿಕೆ ತೋಟದ ನಡುವೆ ಬೆಳೆದ ಮಗು ಸ್ವಿಟ್ಜರ್ಲೆಂಡ್ ಬರೆಯಬಾರದೆಂದೇನೂ ಇಲ್ಲ. ಆದರೆ ಕಾಣದ್ದನ್ನು ನಕಲು ಮಾಡುವಾಗ ಹಿಮವೆಂದರೆ ಬರೀ ಬಿಳಿ ಎಂದುಕೊಂಡು, ಟ್ಯೂಬಿನ ಬಿಳಿಯನ್ನೇ ಕ್ಯಾನ್ವಾಸಿನ ತುಂಬ ಮೆತ್ತಿಬಿಡುತ್ತೇವೆ. ಚಿತ್ರ ಸುಣ್ಣ ಬಳಿದ ಗೋಡೆಯಂತಾಗುತ್ತದೆ.

ಹಾಗಾದರೆ ಹಿಮದ ಬಣ್ಣ ಯಾವುದು? ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 80ಕ್ಕೂ ಹೆಚ್ಚು ಪಾಲನ್ನು ಮರಳಿಸುತ್ತದೆ. ಆದ್ದರಿಂದ ಬೆಳಕಿನ ಬಣ್ಣವೇ ಅದರ ಬಣ್ಣ. ಎಳೆಬಿಸಿಲು ತಾಗಿದಲ್ಲಿ ನಸುಹಳದಿ. ನೆರಳಿಗೆ ನೇರ ಬಿಸಿಲಿಲ್ಲ, ಆಕಾಶದ ಬೆಳಕಷ್ಟೇ. ಹೀಗಾಗಿ ನೆರಳು ನೀಲಿ.

ಫ್ರಾನ್ಸಿನ ಕ್ಲೋಡ್ ಮೊನೆ 1868-69ರಲ್ಲಿ ರಚಿಸಿದ 'ದಿ ಮ್ಯಾಗ್‌ಪೈ' ತೈಲಚಿತ್ರದಲ್ಲಿ ದಣಪೆಯ ಮೇಲೊಂದು ಹಕ್ಕಿ ಕುಳಿತಿದೆ. ಬೇಲಿಯ ನೆರಳು ಹಿಮದ ಮೇಲೆ ನೀಲಿಯಾಗಿ ಚಾಚಿದೆ. 1869ರ ಪ್ಯಾರಿಸ್ ಸಲೋನ್ ಪ್ರದರ್ಶನ ಅದನ್ನು ತಿರಸ್ಕರಿಸಿತ್ತು. ಇಂದು ಅದು ಪ್ಯಾರಿಸ್ಸಿನ ಒರ್ಸೆ ಮ್ಯೂಸಿಯಮ್ಮಿನ ಹೆಮ್ಮೆ.

ಇದನ್ನು ನೋಡಲು ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ಅಂಗಳದಲ್ಲಿ ಒಣಹಾಕಿದ ಬಿಳಿ ಪಂಚೆಯನ್ನು ಬೆಳಗಿನ ಬಿಸಿಲಿನಲ್ಲಿ ಗಮನಿಸಿ. ಮಡಿಕೆಯ ನೆರಳಲ್ಲಿ ನೀಲಿ ಛಾಯೆ, ಕೆಳಗಿನ ಅಂಚಿನಲ್ಲಿ ಕೆಮ್ಮಣ್ಣಿನ ಛಾಯೆ!

ಇನ್ನು ತೈಲವರ್ಣದ ಗುಟ್ಟು. ಇದು ನೀರಿನ ಬಣ್ಣದಂತೆ ಆವಿಯಾಗಿ ಒಣಗುವುದಿಲ್ಲ. ಬಣ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಮನೆಯ ಕೊಬ್ಬರಿ ಎಣ್ಣೆಗೆ ಆ ಗುಣವಿಲ್ಲ. ಬೆರೆಸಿದರೆ ಚಿತ್ರ ಅಂಟುಅಂಟಾಗಿಯೇ ಉಳಿದೀತು. ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಲಿ. ತಲೆಕೆಳಗಾದರೆ ಮೇಲಿನ ಪದರ ಮೊದಲು ಬಿಗಿದು ಬಿರುಕು ಬಿಡುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಒಣಗುವುದೂ ನಿಧಾನ, ಬೂಸ್ಟಿನ ಕಾಟ ಬೇರೆ. ಡಿಸೆಂಬರ್-ಜನವರಿಯೇ ಒಳ್ಳೆಯ ಕಾಲ.

ಪಾಲಕರಿಗೆರಡು ಮಾತು. ಸೀಸದ ಬಿಳಿ ವಿಷ. ಮಕ್ಕಳಿಗೆ ಟೈಟೇನಿಯಂ ಬಿಳಿ ಕೊಡಿಸಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೇ ಕಾವೇರಿ ಹೊತ್ತಿಕೊಳ್ಳಬಲ್ಲದು! ಹೊರಗೆ ಹರವಿ ಒಣಗಿಸಿ.

ಬೆಂಗಳೂರಿಗೆ ಹೋದಾಗ ಚಿತ್ರಕಲಾ ಪರಿಷತ್ತಿನಲ್ಲಿರುವ ರೋರಿಕ್ ಕೃತಿಗಳನ್ನು ಮಕ್ಕಳಿಗೆ ತೋರಿಸಿ. ರಷ್ಯದ ನಿಕೊಲಸ್ ರೋರಿಕ್ ಕುಲು ಕಣಿವೆಯಲ್ಲಿ ನೆಲೆಸಿ ಹಿಮಾಲಯವನ್ನು ಹೆಚ್ಚಾಗಿ ಟೆಂಪೆರಾ ಬಣ್ಣಗಳಲ್ಲಿ ಹಿಡಿದಿಟ್ಟವರು; 1947ರಲ್ಲಿ ಅಲ್ಲಿಯೇ ತೀರಿಕೊಂಡರು. ಮಗ ಸ್ವೆತೊಸ್ಲಾವ್, ಪತ್ನಿ ದೇವಿಕಾರಾಣಿಯೊಂದಿಗೆ ಬೆಂಗಳೂರಿನ ತಾತಗುಣಿಯಲ್ಲಿ ಬಾಳಿ 1993ರಲ್ಲಿ ನಿಧನರಾದರು.

ಅಲ್ಲಿಯವರೆಗೆ ಅಭ್ಯಾಸಕ್ಕೆ ಇಲ್ಲಿನ ಮಂಜೇ ಸಾಕು. ಚಳಿಗಾಲದ ಮುಂಜಾವಿನಲ್ಲಿ ತೋಟದಂಚಿಗೆ ನಿಲ್ಲಿ. ಮೊದಲ ಸಾಲಿನ ಅಡಿಕೆ ಮರ ಕಪ್ಪು, ಎರಡನೆಯದು ಬೂದು, ನಾಲ್ಕನೆಯದು ಇದ್ದೂ ಇಲ್ಲದಂತೆ. ಒಂದು ನೀಲಿ, ಒಂದು ಕಂದು, ಒಂದು ಬಿಳಿ ಸೇರಿಸಿ ಇಷ್ಟನ್ನು ಬರೆಯಲು ಕಲಿತ ಮಗು ನಾಳೆ ಹಿಮಾಲಯ ಬರೆದರೂ ಅದು ಕ್ಯಾಲೆಂಡರಿನ ಹಿಮಾಲಯ ಆಗಿರಲಾರದು.